ಅಬಾದಾನದ ಬೆಂಕಿ, ಕಾಸರಕೋಡದ ಲಾಟೀನು

ಹಡಗಿನಿಂದ ಇಳಿದವನೇ ನಾನು ಮಾಡಿದ ಮೊದಲ ಕೆಲಸ ಬೆಂಕಿ ಆರಿಸಲು ಓಡಿದ್ದು. ತೆಂಗಿನ ಮರಕ್ಕಿಂತ ಎತ್ತರದ ಕೊಳವೆಯ ತುದಿಯಲ್ಲಿ ಜ್ವಾಲೆ ಧಗಧಗ ಉರಿಯುತ್ತಿತ್ತು. ಜನ ಅದರ ಎದುರಿಗೇ ಕೂತು ಚಹಾ ಕುಡಿಯುತ್ತಿದ್ದರು. ಸಿಕ್ಕಿದ ಬಾಲ್ದಿ ಎತ್ತಿಕೊಂಡು ಓಡಿದವನನ್ನು ಹಿಡಿದು ನಿಲ್ಲಿಸಿದವರು ಕುಮಟೆಯ ನಾರಾಯಣಮಾಮ, ನಮ್ಮ ಮೆಸ್ಸಿನ ಅಡುಗೆಯವರು.

"ಎಂತದಾ ಇದು? ಅದು ಬ್ಯಾಡದ ಗ್ಯಾಸು, ಸುಟ್ಟು ಬಿಸಾಡ್ತ್ರು. ಬಾಲ್ದಿ ಕೊಡು, ಅಕ್ಕಿ ತೊಳಿಬೇಕು."

ಇದು ಪರ್ಶಿಯಾದ ಅಬಾದಾನ, ಇಂಗ್ಲಿಷರ ಎಣ್ಣೆ ಕಾರ್ಖಾನೆಯ ಊರು. ನೆಲದೊಳಗಿನ ಎಣ್ಣೆಗೆ ಇಲ್ಲಿಯವರು 'ನಫ್ತ್' ಎನ್ನುತ್ತಾರೆ. ನಾನು ಕಲಿತ ಮೊದಲ ಮಾತು ಅದೇ. ನನ್ನ ಕೆಲಸ ಡಬ್ಬಿಗಳಿಗೆ ಸೀಮೆಎಣ್ಣೆ ತುಂಬುವುದು. ಶರಾವತಿ ದಡದ ಕಾಸರಕೋಡದ ನಮ್ಮ ಮನೆಯಲ್ಲಿ ಅನ್ನ ಬಡಿಸಿದ ಕೂಡಲೇ ಎಣ್ಣೆ ಉಳಿಸಲು ಲಾಟೀನಿನ ಬತ್ತಿ ಇಳಿಸುವುದು ರೂಢಿ. ಬಾಯಿಯ ದಾರಿ ಕೈಗೆ ಗೊತ್ತಲ್ಲ. ಅದೇ ಕೈ ಇಲ್ಲಿ ಮೆಸ್ಸಿನ ವಿದ್ಯುದ್ದೀಪ ಆರಿಸಿತು. ಬೆಳಕು ಬಂದಾಗ ಒಬ್ಬರ ಮೀನು ಇನ್ನೊಬ್ಬರ ತಟ್ಟೆಯಲ್ಲಿತ್ತು, ಹೆಚ್ಚಿನವು ನನ್ನದರಲ್ಲಿ.

ಬರ್ಮಾ ಜಪಾನಿನವರ ಕೈಸೇರಿದ ಮೇಲೆ ನಮ್ಮ ಕರಾವಳಿಗೆ ಸೀಮೆಎಣ್ಣೆ ಬರುವುದೇ ಅಪರೂಪವಾಯಿತು. ಇಲ್ಲಿ ನಾವು ತುಂಬಿದ್ದೆಲ್ಲ ಯುದ್ಧಕ್ಕೆ. ಈ ಎಣ್ಣೆ ಕೈತಪ್ಪಬಾರದೆಂದು ಇಂಗ್ಲಿಷರು ಅದಕ್ಕೂ ಮೊದಲೇ ರಷ್ಯದವರ ಜೊತೆ ಈ ದೇಶಕ್ಕೆ ನುಗ್ಗಿದ್ದರು, ಇಲ್ಲಿಯ ದೊರೆಯೇ ಗಾದಿ ಬಿಡಬೇಕಾಗಿತ್ತು. ಕಾರ್ಖಾನೆಯ ಗೋಡೆಯಾಚೆ ಮಣ್ಣಿನ ಗುಡಿಸಲುಗಳಲ್ಲಿ ಈ ನೆಲದವರೇ ಕತ್ತಲಲ್ಲಿ ಉಣ್ಣುತ್ತಾರೆ.

"ಎಣ್ಣೆ ಇದ್ದವ ದೊರೆ ಅಲ್ಲ ಮಾರಾಯ," ಎಂದರು ಮಾಮ. "ನಲ್ಲಿ ತಿರುಗ್ಸುವವ ದೊರೆ."

ಶರಾವತಿ ಸಮುದ್ರ ಸೇರುವ ನಮ್ಮ ಅಳಿವೆಯಲ್ಲಿ ಮರಳದಿಬ್ಬ ಆಗಾಗ ಜಾಗ ಬದಲಿಸುತ್ತದೆ. ಕತ್ತಲಾದ ಮೇಲೆ ಬರುವ ದೋಣಿಗೆ ಮನೆಯ ಹೆಂಗಸು ದಡದಲ್ಲಿ ಲಾಟೀನು ಎತ್ತಿ ಹಿಡಿಯಬೇಕು. ಅವಳು ನಿಂತ ನೇರಕ್ಕೇ ದಿಬ್ಬ ತಪ್ಪಿಸುವ ದಾರಿ. ಅಣ್ಣನ ದೋಣಿಗೆ ಅತ್ತಿಗೆ ನಿಲ್ಲುತ್ತಿದ್ದಳು. ನಾನು ಹೊರಡುವ ಹೊತ್ತಿಗೇ ಅವಳ ಲಾಟೀನು ಒಣಗಿ, ಹೊನ್ನೆ ಎಣ್ಣೆಯ ಹಣತೆ ಬಂದಿತ್ತು.

"ಎಣ್ಣೆ ಊರಿಗೇ ಹೊಂಟೀಯಲ್ಲ, ಒಂದು ಬಾಟ್ಲಿಯಾದ್ರೂ ಕಳ್ಸು," ಎಂದಿದ್ದಳು.

ಭಟ್ಕಳದ ಹಸನ್ ಸಾಬರು ಖರ್ಜೂರ ಒಯ್ಯಲು ತಮ್ಮ ಹಾಯಿಹಡಗು ತಂದಿದ್ದಾರೆಂದು ಕೇಳಿ, ಅಂಗಿಯೊಳಗೆ ಸೀಮೆಎಣ್ಣೆಯ ಬಾಟಲಿ ಸಿಕ್ಕಿಸಿಕೊಂಡು ಹೊರಟೆ. ಗೇಟಿನ ಪಂಜಾಬಿ ಕಾವಲುಗಾರ ಹೊಟ್ಟೆ ತಟ್ಟಿ ನೋಡಿದ. ತಲೆಗೆ ಹಚ್ಚುವ ಎಣ್ಣೆ ಎಂದೆ. ಹಾಗಾದರೆ ಹಚ್ಚು ಎಂದ. ಹಚ್ಚಿದೆ, ಕೊನೆಯ ಹನಿಯವರೆಗೆ, ಪರಮಸುಖದಿಂದೆಂಬಂತೆ ಕಣ್ಣು ಮುಚ್ಚಿ. ನನ್ನ ತಲೆಯ ಹೇನುಗಳು ಈ ಮಹಾಯುದ್ಧದಲ್ಲಿ ನಿರ್ವಂಶವಾದವು. ಅವನು ನಕ್ಕು ಬಿಟ್ಟುಬಿಟ್ಟ.

ನದಿದಂಡೆಯಲ್ಲಿ ಹಸನ್ ಸಾಬರಿಗೆ ಇದನ್ನೆಲ್ಲ ಅಭಿನಯಿಸಿ ತೋರಿಸಿದೆ. ಅವರು ನಗಲಿಲ್ಲ.

"ಮುಂದಿನ ಸಲ ಹ್ಯಾಂಗಾದ್ರೂ ತರ್ತೆ, ಅತ್ತಿಗೆಗೆ ಮುಟ್ಸಿ," ಎಂದೆ.

"ಬ್ಯಾಡ ತಮ್ಮಾ. ಕೂತ್ಕ." ನನ್ನ ಭುಜ ಹಿಡಿದರು. "ನಿನ್ನಣ್ಣನ ದೋಣಿ ಮರಳಿಗೆ ಹೊಡ್ದು ಮಗುಚ್ತು. ಅವ ಸಿಗ್ಲಿಲ್ಲ. ನಿನ್ನತ್ತಿಗೆ ಹಣತೆ ಹಿಡ್ಕಂಡೇ ನಿಂತಿತ್ತಂತೆ. ಗಾಳಿಗೆ ಆರಿಹೋತು."

ಈಗ ಸಂಜೆ ನದಿಯ ಬದಿ ಕೂರುತ್ತೇನೆ. ಅರಬ್ಬಿ ಬೆಸ್ತರು ಆ ಬೇಡದ ಬೆಂಕಿಯನ್ನೇ ಗುರಿಯಿಟ್ಟು ದೋಣಿ ದಡಕ್ಕೆ ತರುತ್ತಾರೆ. ಯಾರ ಹೆಂಡತಿಯೂ ನಿಲ್ಲಬೇಕಿಲ್ಲ. ಊರಿಗೆ ಬಾ ಎಂದು ಅತ್ತಿಗೆ ಹಸನ್ ಸಾಬರ ಕೈಯಲ್ಲಿ ಹೇಳಿಕಳಿಸಿದ್ದಾಳೆ. ಹೋದರೆ ಆ ಅಳಿವೆ, ಉಳಿದರೆ ಈ ಡಬ್ಬಿಗಳು. ನಾನು ಇನ್ನೂ ಏನೂ ಹೇಳಿಕಳಿಸಿಲ್ಲ.

ಮೊನ್ನೆ ಮಾಮ ಅನ್ನ ಬಡಿಸುತ್ತಿದ್ದಂತೆ ನನ್ನ ಕೈ ತಾನಾಗಿ ಹೋಗಿ ದೀಪ ಆರಿಸಿತು. ಅಣ್ಣನ ಸುದ್ದಿ ಮೆಸ್ಸಿಗೆಲ್ಲ ಮುಟ್ಟಿತ್ತು, ಯಾರೂ ಬೈಯಲಿಲ್ಲ. ಎಲ್ಲರೂ ಕತ್ತಲಲ್ಲೇ ಉಂಡರು. ಈ ಸಲ ಯಾರ ಮೀನೂ ಜಾಗ ಬದಲಿಸಲಿಲ್ಲ.