ಸ್ಕ್ರೀನ್ ಮಾವ
ನಮ್ಮ ಅಂಗಡಿಯವರೆಲ್ಲ 'ಸ್ಕ್ರೀನ್ ಮಾವ' ಎಂದು ಕರೆಯುವ ಗಿರಾಕಿ ಸಂಜೆಯಾದರೆ ಹಾಜರು. ಟ್ಯಾಬ್ಲೆಟ್ಟನ್ನೂ ಹಗುರ ಲ್ಯಾಪ್‌ಟಾಪನ್ನೂ ಅಕ್ಕಪಕ್ಕ ಇಟ್ಟು, ಎರಡರಲ್ಲೂ ಒಂದೇ ಮಗುವಿನ ಫೋಟೊ ತೆರೆದು, ಕನ್ನಡಕ ಏರಿಸಿ, ಇಳಿಸಿ, ಬಗ್ಗಿ ಬಗ್ಗಿ ನೋಡುತ್ತಾರೆ. "ಟ್ಯಾಬ್ಲೆಟ್ಟಲ್ಲಿ ಬಣ್ಣ ಚೆಂದ, ಆದ್ರೆ ಬೆಳಕು ಬಿದ್ರೆ ನನ್ನ ಬೋಳುತಲೆಯೇ ಕಾಣುತ್ತೆ. ಲ್ಯಾಪ್‌ಟಾಪಲ್ಲಿ ಮುಖ ದೊಡ್ಡದು, ಪಕ್ಕಕ್ಕೆ ಸರಿದ್ರೆ ಮಂಕು," ಎಂದು ಗೊಣಗಿ ಬರಿಗೈಯಲ್ಲಿ ಹೊರಡುತ್ತಾರೆ. ನಿನ್ನೆ ನಾನು ತಾಳ್ಮೆಗೆಟ್ಟು, "ಯಾವುದಾದ್ರೂ ಒಂದು ತಗೊಳ್ಳಿ ಮಾವ," ಎಂದೆ. "ನಾಳೆ ನಮ್ಮನೆಯವಳ ಕಣ್ಣಿನ ಪಟ್ಟಿ ಬಿಚ್ತಾರಮ್ಮ. ದೂರದಲ್ಲಿರೋ ಮೊಮ್ಮಗಳನ್ನ ಅವಳು ಮೊದಲ ಸಲ ನೋಡೋದು ಇದರಲ್ಲೇ," ಎಂದರು. ನಾನು ಅಂಗಡಿಯ ದೀಪ ತಗ್ಗಿಸಿದೆ. ಮಾವ ಟ್ಯಾಬ್ಲೆಟ್ಟನ್ನು ಎರಡೂ ಕೈಯಲ್ಲಿ ಎತ್ತಿ, ಮುಖದ ಹತ್ತಿರ ತಂದು ನಕ್ಕರು: "ಇದೇ ಇರಲಿ. ಲ್ಯಾಪ್‌ಟಾಪ್ ಎತ್ತಿಕೊಂಡು ಮುದ್ದಾಡೋಕಾಗುತ್ತಾ?"