ಆಸ್ಪತ್ರೆಗೆ ಬೇಗ ಬಂದ ಹೊದಿಕೆ

ಸಿರಾದ ಅಹಮದ್ ಷರೀಫರು ಕಂಬಳಿ ವ್ಯಾಪಾರಿ. ಕುರುಬರ ಹಟ್ಟಿಗಳಲ್ಲಿ ನೇಯ್ದ ಕಂಬಳಿಗಳನ್ನು ಕೊಂಡು ಮಧುಗಿರಿ, ಕೊರಟಗೆರೆ ಸಂತೆಗಳಲ್ಲಿ ಮಾರುತ್ತಿದ್ದರು. ಮಾತು ಕಡಿಮೆ, ನಂಬಿಕೆ ಜಾಸ್ತಿ. ಆ ನಂಬಿಕೆಯಲ್ಲಿ ಬಹುಪಾಲನ್ನು ಮೈಸೂರು ಸರ್ಕಾರದ ಮೇಲೆ ಇಟ್ಟುಬಿಟ್ಟಿದ್ದರು. ಅವರ ಹೆಂಡತಿ ಶಾಹಜಾದಿಗೆ ಅದೊಂದೇ ಚಿಂತೆ.

ಆಗ ಮಧುಗಿರಿಯಿಂದ ಪುರವರಕ್ಕೆ ಹೋಗುವ ದಾರಿಯಲ್ಲಿ ಒಂದು ಸರ್ಕಾರಿ ಆಸ್ಪತ್ರೆ ಇತ್ತು. ಬರುವವರಲ್ಲಿ ಚಳಿಜ್ವರದವರೇ ಹೆಚ್ಚು. ಕಂಬಳಿ ಬೇಕೆಂದು ಡಾಕ್ಟರು ಮಳೆಗಾಲದಲ್ಲಿ ಬರೆದರೆ, ಕಾಗದ ಬೆಂಗಳೂರಿಗೆ ಹೋಗಿ, ಅಲ್ಲಿನ ಹವೆ ಹಿಡಿಸಿದರೆ ಕೆಲಕಾಲ ತಂಗಿದ್ದು ವಾಪಸಾಗುತ್ತಿತ್ತು. ಆಮೇಲೆ ಸುತ್ತಲ ತಾಲ್ಲೂಕಿನ ವ್ಯಾಪಾರಿಗಳಿಂದ ದರ ಕೇಳಬೇಕು, ನಮೂನೆ ತರಿಸಬೇಕು, ಎಳೆದು ನೋಡಬೇಕು. ಕೊನೆಗೆ ಒಪ್ಪಿಗೆಯಾಗುತ್ತಿದ್ದದ್ದು ಷರೀಫರ ಕಂಬಳಿಯೇ. ಅದು ಆಸ್ಪತ್ರೆ ಸೇರುವ ಹೊತ್ತಿಗೆ ಬೇಸಿಗೆ. ರೋಗಿಗಳು ಬೀಸಣಿಗೆ ಕೇಳುತ್ತಿದ್ದರು. ನಮೂನೆಗೆಂದು ಕೊಟ್ಟ ಕಂಬಳಿಯನ್ನು ಕಚೇರಿಯ ಜವಾನ ಅಡವಯ್ಯ ಹೊದ್ದು ಪರೀಕ್ಷಿಸುತ್ತಿದ್ದ. ಬಹಳ ಶ್ರದ್ಧೆಯಿಂದ, ಇಡೀ ಚಳಿಗಾಲ.

ಒಂದು ಸಲ ಜ್ವರದ ಹೆಂಗಸೊಬ್ಬಳು ಗೋಣಿಚೀಲ ಹೊದ್ದು ನಡುಗುತ್ತಿದ್ದುದನ್ನು ಷರೀಫರು ಕಂಡರು. ಅಂದಿನಿಂದ ಅವರಿಗೆ ಸುಮ್ಮನಿರಲಾಗಲಿಲ್ಲ. ಬೆಂಗಳೂರಿನ ಶಾಸನಸಭೆಯಲ್ಲಿ ಈ ಸೀಮೆಯ ಸದಸ್ಯರಾಗಿದ್ದ ಮಧುಗಿರಿಯ ಚನ್ನಮಲ್ಲಯ್ಯನವರ ಮನೆಗೆ ಹೋದರು. ಚನ್ನಮಲ್ಲಯ್ಯನವರು ಸಭೆಯಲ್ಲಿ ಅಲ್ಲಿಯವರೆಗೆ ಬಾಯಿ ತೆರೆದದ್ದು ಆಕಳಿಕೆಗೆ ಮಾತ್ರ.

“ಸ್ವಾಮಿ, ಸರ್ಕಾರ ಏನೇ ಕೊಂಡ್ರೂ ಬೇಗ ಕೊಳ್ಳಂಗೆ ಮಾಡ್ಬುಡಿ. ಜನ ಸಾಯ್ತಾವ್ರೆ.”

“ಬೇಗ ತಾನೇ? ಮಾಡ್ಸನ ಬುಡಿ ಸಾಬ್ರೇ,” ಅಂದರು ಅವರು. ಮಾತನಾಡಲು ಒಂದು ವಿಷಯ ಸಿಕ್ಕಿತ್ತು.

ಸರ್ಕಾರಿ ಖರೀದಿಯನ್ನು ಚುರುಕುಗೊಳಿಸಲು ಅವರು ತಂದ ಮಸೂದೆ ಮೂರು ಅಧಿವೇಶನ ಮುಂದಕ್ಕೆ ಹೋಯಿತು. ಕಡೆಗೆ ಮತಕ್ಕೆ ಬಂದ ದಿನ ಷರೀಫರು ಒಗೆದ ಷೇರವಾನಿ ತೊಟ್ಟು ಬಸ್ಸು ಹತ್ತಿದರು.

“ಅವರು ಕೈ ಎತ್ತೋದ್ ನೋಡಕ್ಕೆ ನೀವು ಬ್ಯಾರೆ ಹೋಗ್ಬೇಕಾ?” ಎಂದಳು ಶಾಹಜಾದಿ.

ಷರೀಫರು ಸಭೆಯ ಪ್ರೇಕ್ಷಕರ ಸಾಲಿನಲ್ಲಿ ಕೂತು ಎಲ್ಲ ಕೇಳಿದರು. ‘ಬೇಗನೆ’ ಎನ್ನಬೇಕೋ ‘ಶೀಘ್ರವಾಗಿ’ ಎನ್ನಬೇಕೋ ಎಂಬ ಚರ್ಚೆಯಲ್ಲಿ ಮಧ್ಯಾಹ್ನದ ಊಟ ತಡವಾಯಿತು. ಹಸಿವಾದ ಮೇಲೆ ದೇಶಹಿತ ಎಲ್ಲರಿಗೂ ಒಟ್ಟಿಗೇ ಹೊಳೆಯಿತು. ಕೈಗಳು ಎದ್ದವು. ಮಸೂದೆ ಗೆದ್ದಿತು. ಷರೀಫರು ಚಪ್ಪಾಳೆ ತಟ್ಟಿಬಿಟ್ಟರು.

ಬಾಗಿಲಲ್ಲಿದ್ದ ದಫೇದಾರ ಓಡಿ ಬಂದ. “ಇಲ್ಲಿ ಚಪ್ಪಾಳೆ ತಟ್ಟಂಗಿಲ್ಲ ಕಣ್ರೀ!”

“ಸಂತೋಷ ಆದ್ರೆ ಏನ್ ಮಾಡ್ಬೇಕಪ್ಪ?”

“ಆಚೆ ಹೋಗಿ ಪಡ್ಬೇಕು.”

ಷರೀಫರು ಆಚೆ ಹೋಗಿ ಸಂತೋಷಪಟ್ಟು ಊರಿಗೆ ಬಂದರು. ಹಟ್ಟಿಗಳಿಗೆಲ್ಲ ಹೇಳಿ ಹೊಸ ಕಂಬಳಿ ನೇಯಿಸಿದರು. ಮಳೆ ನಿಂತಿತು, ಚಳಿ ಬಿತ್ತು, ದರ ಕೇಳಿ ಯಾರೂ ಬರಲಿಲ್ಲ. ಕೊನೆಗೆ ಒಂದು ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ತಾವೇ ಆಸ್ಪತ್ರೆಗೆ ಹೋದರು.

ಪ್ರತಿ ಮಂಚದ ಮೇಲೂ ಹೊದಿಕೆ ಇತ್ತು. ಬೆಂಗಳೂರಿನ ಯಾವುದೋ ಮಿಲ್ಲಿನ ತೆಳ್ಳನೆಯ ಹತ್ತಿಬಟ್ಟೆ. ಹಿಡಿದು ನೋಡಿದರೆ ಆಚೆಯ ಕಿಟಕಿ ಕಾಣುತ್ತಿತ್ತು. ಅದರ ಅಡಿಯಲ್ಲಿ ರೋಗಿಗಳು ಹೊಸ ಕಾಯಿದೆಯ ಪ್ರಕಾರವೇ ಬೇಗ ಬೇಗ ನಡುಗುತ್ತಿದ್ದರು.

ಆಸ್ಪತ್ರೆಯ ಗುಮಾಸ್ತ ಸಂಜೀವಯ್ಯ ಸಮಾಧಾನವಾಗಿ ವಿವರಿಸಿದರು. “ಮುಂಚೆ ತಾಲ್ಲೂಕಿನೋರ್ನೆಲ್ಲ ದರ ಕೇಳ್ಬೇಕಿತ್ತು, ಅದಕ್ಕೇ ತಡ ಆಗೋದು. ಈಗ ಕೇಳೋ ಹಂಗೇ ಇಲ್ಲ. ಮೇಲಿನೋರು ಮಿಲ್ಲಿಗೆ ಒಂದ್ ಮಾತು ಹೇಳಿದ್ರು, ಗಾಡಿ ಬಂದೇ ಬುಡ್ತು.”

“ಅಂದ್ರೆ ನನ್ನ ಕಂಬಳಿ?”

“ಆ ತಡದಲ್ಲೇ ಇದ್ದಿದ್ದು ಸಾಬ್ರೇ ನಿಮ್ಮ ಕಂಬಳಿ. ತಡ ತೆಗೆಸಿದೋರು ನೀವೇ ಅಲ್ವಾ?”

ಷರೀಫರು ಚನ್ನಮಲ್ಲಯ್ಯನವರಲ್ಲಿಗೆ ಹೋದರು. ಅವರಿಗೆ ಊರಿನವರು ಹಾಕಿದ ಹಾರ ಇನ್ನೂ ಗೋಡೆಯ ಮೊಳೆಯಲ್ಲಿ ಒಣಗುತ್ತಿತ್ತು. “ಬೇಗ ಅಂದ್ರಿ, ಬೇಗ ಆಯ್ತು. ಬೆಚ್ಚಗೆ ಅಂತ ನೀವು ಹೇಳ್ಲೇ ಇಲ್ವಲ್ಲ!” ಎಂದರು ಅವರು, ನಿಜವಾಗಿಯೂ ನೊಂದು.

ಮನೆಗೆ ಬಂದ ಷರೀಫರು ಎರಡು ದಿನ ಸಂತೆಗೂ ಹೋಗಲಿಲ್ಲ. ಮೂಲೆಯಲ್ಲಿ ಪೇರಿಸಿಟ್ಟ ಕಂಬಳಿಗಳು ಸೂರು ಮುಟ್ಟುತ್ತಿದ್ದವು. ಶಾಹಜಾದಿ ಬೈಯಲಿಲ್ಲ, ಅದೇ ಅವರಿಗೆ ಹೆಚ್ಚು ಚುಚ್ಚಿತು. ಮೂರನೆಯ ದಿನ ಅವಳು, “ಚಳಿ ಆಗೋದು ಸರ್ಕಾರಕ್ಕಾ, ಜನಕ್ಕಾ? ಜನ ಇರೋ ಕಡೆ ಹೋಗಿ ಕೂತ್ಕಳಿ,” ಎಂದಳು.

ಆಸ್ಪತ್ರೆಯ ಎದುರಿನ ಹುಣಸೆಮರದ ಕೆಳಗೆ ತಡಿಕೆ ಕಟ್ಟಿ ಷರೀಫರು ಕೂತರು. ಮೊದಲನೆಯ ದಿನವೇ ರೋಗಿಗಳ ಕಡೆಯವರು ಒಬ್ಬೊಬ್ಬರಾಗಿ ಬಂದು ಕಂಬಳಿ ಕೊಂಡು ಹೋದರು. ಏನೂ ಇಲ್ಲದವರಿಗೆ ಷರೀಫರು ಹಾಗೆಯೇ ಕೊಟ್ಟು, ವಾಸಿಯಾದ ಮೇಲೆ ತಂದುಕೊಡಿ ಎನ್ನುತ್ತಿದ್ದರು. ಸತ್ತವರ ಕಡೆಯವರೂ ತಂದುಕೊಡುತ್ತಿದ್ದರು. ಆ ಕಂಬಳಿಗಳನ್ನು ಷರೀಫರು ಮುಟ್ಟಿ ಕಣ್ಣಿಗೊತ್ತಿಕೊಂಡು ತೊಳೆಯಲು ಹಾಕುತ್ತಿದ್ದರು. ಮಿಲ್ಲಿನ ಹೊದಿಕೆಗಳಿಗೂ ಒಂದು ಉಪಯೋಗ ಸಿಕ್ಕಿತು: ದಾದಿಯರು ಅವುಗಳಲ್ಲಿ ಕಷಾಯ ಸೋಸುತ್ತಿದ್ದರು.

ಸಂಕ್ರಾಂತಿಗೆ ಮುಂಚೆ ಸಂಜೀವಯ್ಯನವರೇ ತಡಿಕೆಯ ಹತ್ತಿರ ಬಂದು ನಿಂತರು. ಮನೆಯಲ್ಲಿ ಮಗುವಿಗೆ ಕೆಮ್ಮು. ಒಂದು ಕಂಬಳಿಯನ್ನು ಬಿಸಿಲಿಗೆ ಹಿಡಿದರು, ಮೂಸಿದರು, ಅಂಚು ಎಳೆದರು, ಇನ್ನೊಂದರ ಜೊತೆ ಹೋಲಿಸಿದರು, ದರ ಕೇಳಿದರು, ನಾಳೆ ಬರುತ್ತೇನೆಂದು ಹೊರಟರು.

ಷರೀಫರು ಅವರನ್ನು ಕೂಗಿ ನಿಲ್ಲಿಸಿ, ಕಂಬಳಿ ಮಡಿಸಿ ಕಂಕುಳಿಗೆ ತುರುಕಿದರು. “ಮಗು ನಾಳೆಗಂಟ ಕಾಯಲ್ಲ, ತಗಂಡೋಗಿ.”