ಸುಣ್ಣ ಬಳಿಯದ ಮೂರು ಮೊಳ

ಕೊಳ್ಳೇಗಾಲದ ಸೀಮೆ ಇನ್ನೂ ಮದರಾಸಿನವರ ಕೈಯಲ್ಲಿದ್ದ ಕಾಲ. ಹನೂರಿನ ದಾರಿಯಲ್ಲಿದ್ದ ಕಟ್ಟೇಪೇಟೆ ಎಂಬ ಊರಿಗೆ ಒಂದು ಬೋರ್ಡಾಫೀಸಿತ್ತು. ಕೊಯಮತ್ತೂರಿನಿಂದ ಕಾಗದ ಬಂದರೆ ಆ ಆಫೀಸಿನಲ್ಲಿ ಎಲ್ಲರೂ ಎದ್ದು ನಿಲ್ಲುತ್ತಿದ್ದರು, ಓದುವುದಕ್ಕೆ ಮಾತ್ರ ಯಾರಿಗೂ ಪುರುಸೊತ್ತಿರಲಿಲ್ಲ. ಯಾರ ಕೆಲಸ ಯಾವುದು ಎಂದು ಅಲ್ಲಿ ಎಲ್ಲೂ ಬರೆದಿರಲಿಲ್ಲ. ಓವರ್‌ಸೀರ್ ಸದಾಶಿವಪ್ಪನ ಬಾಯಿಂದ ಬಂದದ್ದೇ ಕೆಲಸ. ಬೀದಿ ದೀಪದ ಆಳು ಅವನ ತೋಟಕ್ಕೆ ಗೊಬ್ಬರ ಹೊರುತ್ತಿದ್ದ. ಮೋರಿ ಮೇಸ್ತ್ರಿ ಅವನ ಹಿತ್ತಿಲ ಗೋಡೆ ಕಟ್ಟುತ್ತಿದ್ದ. ಬೆಂಕಿ ಆರಿಸುವ ಕೈಪಂಪಿನ ಬಂಡಿಗೆ ನಾಲ್ವರು ಆಳುಗಳಿದ್ದರಲ್ಲ, ಅವರು ಅವನ ಮಗಳ ಮದುವೆಯಲ್ಲಿ ನೀರು ಸೇದಿ ಸೇದಿ ಅಂಗೈ ತುಂಬ ಬೊಬ್ಬೆ ಎಬ್ಬಿಸಿಕೊಂಡರು. ಸಂಬಳ ಬೋರ್ಡಿನದು, ಚಾಕರಿ ಸದಾಶಿವಪ್ಪನದು. ಕೇಳುವ ಗಂಡಸು ಒಬ್ಬನೂ ಇರಲಿಲ್ಲ.

ನೀರುಗಂಟಿ ಚಿಕ್ಕಸಿದ್ದಯ್ಯನೂ ಅದೇ ಗಾಣಕ್ಕೆ ಕಟ್ಟಿದ ಎತ್ತು. ಊರ ತಲೆಯಲ್ಲಿ ಕಲ್ಲುಗಾರೆಯ ದೊಡ್ಡ ನೀರಿನ ತೊಟ್ಟಿ; ಅದರ ಬುಡದಲ್ಲಿ ಒಂದು ವಾಲ್ವು, ವಾಲ್ವಿನ ಮೇಲೆ ಕಬ್ಬಿಣದ ಮುಚ್ಚಳ, ಮುಚ್ಚಳಕ್ಕೆ ಅಂಗೈಯಗಲದ ಬೀಗ. ವಾಲ್ವು ತಿರುಗಿಸಿದರೆ ಬೀದಿ ನಲ್ಲಿಗಳಿಗೆ ನೀರು. ಬೆಂಕಿ ಬಿದ್ದಾಗ ಬಂಡಿಯವರು ರಬ್ಬರ್ ಕೊಳವೆ ಸಿಕ್ಕಿಸುವುದೂ ಆ ನಲ್ಲಿಗಳಿಗೇ. ಬೀಗದ ಕೈ ಸಿದ್ದಯ್ಯನ ಉಡಿದಾರದಲ್ಲಿ ಹಗಲೂ ರಾತ್ರಿ ತೂಗುತ್ತಿತ್ತು. ಕೂಲಿಮಠದಲ್ಲಿ ನಾಲ್ಕಕ್ಷರ ಕಲಿತಿದ್ದ ಮನುಷ್ಯ, ಮಾತು ಕಡಿಮೆ. ಹೆಂಡತಿ ಚಿಕ್ಕನಿಂಗಮ್ಮ ರಾಮಾಪುರದ ಹೆಣ್ಣು. ಮಕ್ಕಳಿರಲಿಲ್ಲ. ಅವನಿಗೆ ಅವಳು, ಅವಳಿಗೆ ಅವನು.

ನಲವತ್ತೆಂಟನೇ ಇಸವಿಯ ಬೇಸಗೆಯಲ್ಲಿ ಸದಾಶಿವಪ್ಪನ ಮಗಳು ಯಳಂದೂರಿನ ಗಂಡನ ಮನೆಯಲ್ಲಿ ಹೆತ್ತಳು. ತವರಿನಿಂದ ತೊಟ್ಟಿಲು ಹೋಗಬೇಕು. ಹೊರುವವರು ಯಾರು? ನೀರುಗಂಟಿ! ಯಳಂದೂರೆಂದರೆ ಆಗ ಮೈಸೂರು ಸೀಮೆ, ಬೋರ್ಡಿನ ಆಳು ರಜ ಬರೆದುಕೊಡದೆ ಗಡಿ ದಾಟುವ ಹಾಗಿಲ್ಲ. ಅದೆಲ್ಲ ಸದಾಶಿವಪ್ಪನಿಗೆ ಯಾವ ಲೆಕ್ಕ?

ಅವತ್ತು ಚಿಕ್ಕನಿಂಗಮ್ಮನಿಗೆ ಮೈ ಸುಡುವ ಜ್ವರ. “ಬಿಸ್ಲು ಇಳಿಯೋ ಒತ್ಗೆ ಬಂದ್ಬುಡಿ,” ಅಂದಳು, ಅಷ್ಟೇ. ಸಿದ್ದಯ್ಯ ತೊಟ್ಟಿಲು ತಲೆಗೇರಿಸಿಕೊಳ್ಳುವ ಮೊದಲು ಉಡಿದಾರಕ್ಕೆ ಕೈ ಹಾಕಿದ.

“ಸಾ, ಬೀಗದ ಕೈ ನಿಮ್ತಾವೇ ಇರ್ಲಿ. ನಾನು ಬರಾದು ಬೈಗಾಯ್ತದ.”

ಸದಾಶಿವಪ್ಪ ಎರಡು ಹೆಜ್ಜೆ ಹಿಂದೆ ಸರಿದ. “ಥೂ! ನಿನ್ ಉಡಿದಾರದಲ್ಲಿ ಜೋತಾಡಿದ್ನ ನಾನು ಮುಟ್ಬೇಕೇನ್ಲಾ? ಮಡಿಕ ನಿನ್ತಾವೇ. ಒಂದಿನದಲ್ಲಿ ಊರೇನು ಅತ್ಕ ಉರ್ದೋದದಾ?”

ಉರಿಯಿತು. ನಡುಮಧ್ಯಾಹ್ನ ಸಿದ್ದಯ್ಯನ ಕೇರಿಯ ತುದಿಯ ಗುಡಿಸಲಿಗೆ ಒಲೆಯ ಕಿಡಿ ಹಾರಿತು, ಗಾಳಿ ಅದನ್ನು ಸಾಲು ಸಾಲಾಗಿ ಎತ್ತಿಕೊಂಡು ಹೋಯಿತು. ಬೆಂಕಿ ಬಂಡಿಯ ಮೇಸ್ತ್ರಿ ಹನುಮಯ್ಯ ಬಂಡಿ ತಂದ, ಕೊಳವೆ ಸಿಕ್ಕಿಸಿದ, ನಲ್ಲಿ ತಿರುಗಿಸಿದ. ಒಳಗಿನಿಂದ ಬಂದದ್ದು ಬರೀ ಗಾಳಿ. ಜನ ಹಾರೆ ಹಿಡಿದು ತೊಟ್ಟಿಯ ಹತ್ತಿರ ಓಡಿದರು. ಅಲ್ಲಿ ಸದಾಶಿವಪ್ಪ ಬಿಳಿ ಪಂಚೆ ಎತ್ತಿ ಹಿಡಿದು ನಿಂತಿದ್ದ.

“ಸರ್ಕಾರಿ ಬೀಗ ಕಣ್ರಯ್ಯ. ಒಡದೋರ ಮ್ಯಾಲೆ ಕೇಸಾಯ್ತದ.”

ಹಾರೆಗಳು ಕೆಳಗಿಳಿದವು. ಕೇಸೆಂದರೆ ಕೊಯಮತ್ತೂರಿನ ತನಕ ಅಲೆಯಬೇಕು ಎಂದು ಹೆದರುವ ಬಡಪಾಯಿಗಳು. ಆಮೇಲೆ ಯಾರೋ ಧೈರ್ಯ ಮಾಡಿ ಒಡೆಯುವ ಹೊತ್ತಿಗೆ ಏಳು ಗುಡಿಸಲು ನೆಲಕ್ಕೆ ಕೂತಿದ್ದವು. ಆರರಲ್ಲಿ ಯಾರೂ ಇರಲಿಲ್ಲ. ಏಳನೆಯದರಲ್ಲಿ ಜ್ವರದಲ್ಲಿ ಮಲಗಿದ್ದ ಚಿಕ್ಕನಿಂಗಮ್ಮ ಇದ್ದಳು.

ಸಿದ್ದಯ್ಯ ಬೈಗಿಗೆ ಬಂದಾಗ ಬೀಗದ ಕೈ ಅವನ ಸೊಂಟದಲ್ಲೇ ತೂಗುತ್ತಿತ್ತು.

ವಿಚಾರಣೆಗೆ ಕೊಳ್ಳೇಗಾಲದಿಂದ ಒಬ್ಬ ಅಧಿಕಾರಿ ಬಂದರು. “ನಾನ್ಯಾರನ್ನೂ ಎಲ್ಲಿಗೂ ಕಳಿಸಿಲ್ಲ ಸ್ವಾಮಿ, ಹೇಳದೆ ಕೇಳದೆ ಗಡಿ ದಾಟಿದ್ದಾನೆ,” ಎಂದ ಸದಾಶಿವಪ್ಪ, ಕಣ್ಣು ಮಿಟುಕಿಸದೆ. ಕೋತಿ ತಾನು ಮೊಸರನ್ನ ತಿಂದು ಮೇಕೆ ಮೂತಿಗೆ ಒರೆಸಿತು ಅಂತಾರಲ್ಲ, ಹಾಗೆ. ಸಿದ್ದಯ್ಯ ನಡೆದದ್ದನ್ನು ಹೇಳಿದ. “ಎಲ್ಲಿ ಬರೆದಿದೆ ತೋರಿಸು,” ಎಂದರು ಅಧಿಕಾರಿ. ಎಲ್ಲೂ ಬರೆದಿರಲಿಲ್ಲ. ಆರು ತಿಂಗಳು ಸಸ್ಪೆಂಡು.

ಅದನ್ನಾದರೂ ನುಂಗಿಕೊಳ್ಳುತ್ತಿದ್ದ. ಆದರೆ ತಿಥಿಯ ದಿನ ರಾಮಾಪುರದಿಂದ ಅತ್ತೆ ದೊಡ್ಡಮಾದಮ್ಮ ಬಂದು, ಸುಟ್ಟ ಜಾಗದ ಬೂದಿ ಬೊಗಸೆಯಲ್ಲಿ ತುಂಬಿ ಅಳಿಯನ ಮುಖಕ್ಕೆ ಎರಚಿದಳು. “ಬೀಗದ ಕೈ ಸೊಂಟದಲ್ಲಿ ಮಡಿಕಂಡು ನನ್ ಮಗ್ಳ ಸುಟ್ಯಲ್ಲೋ! ನಿನ್ ಮೊಕ ನೋಡಾಕಿಲ್ಲ!” ಅಂದು ಹೋದವಳು ಮತ್ತೆ ಬರಲಿಲ್ಲ. ಸಿದ್ದಯ್ಯ ಬೂದಿ ಒರೆಸಿಕೊಳ್ಳಲಿಲ್ಲ. ಅವತ್ತು ಅವನಿಗೆ ಒಂದೇ ಒಂದು ಆಸೆ ಹುಟ್ಟಿತು: ಕಳಿಸಿದವನು ನಾನೇ ಎಂದು ಸದಾಶಿವಪ್ಪ ತನ್ನ ಕೈಯಾರೆ ಬರೆಯಬೇಕು, ಊರೆಲ್ಲ ಓದಬೇಕು. ಅದು ಆಗುವವರೆಗೆ ಸಾಯುವುದಿಲ್ಲ ಎಂದು ಹಲ್ಲು ಕಚ್ಚಿದ.

ಆರು ತಿಂಗಳಾದ ಮೇಲೆ ಅವನನ್ನೇ ವಾಪಸು ಕರೆದರು. ನೆಲದೊಳಗಿನ ಕೊಳವೆ ಯಾವ ಬೀದಿಯಲ್ಲಿ ಎಲ್ಲಿ ತಿರುಗುತ್ತದೆ ಎಂದು ಇನ್ನೊಬ್ಬನಿಗೆ ಗೊತ್ತಿರಲಿಲ್ಲ.

ಐವತ್ತರಲ್ಲಿ ಕೊಯಮತ್ತೂರಿನಿಂದ ಒಂದು ಕಾಗದ ಬಂತು. ಇಂಜಿನಿಯರಿಂಗ್ ಮತ್ತು ಬೆಂಕಿ ಆರಿಸುವ ಶಾಖೆಯ ಪ್ರತಿಯೊಬ್ಬ ನೌಕರನ ಕೆಲಸ ಏನು, ಏನು ಅಲ್ಲ, ಪಟ್ಟಿ ಮಾಡಿ ಸೈನು ಹಾಕಿ ಕಳಿಸತಕ್ಕದ್ದು ಎಂದು. ಸದಾಶಿವಪ್ಪ ಅದನ್ನು ಗುಮಾಸ್ತೆ ಗೋವಿಂದಯ್ಯನ ಮೇಜಿಗೆ ಎಸೆದ. ಗೋವಿಂದಯ್ಯ ಪಾಪದ ಮನುಷ್ಯ, ನೀರಿನ ವಿಚಾರ ತಿಳಿಯದೆ ತೊಟ್ಟಿಯ ಹತ್ತಿರ ಬಂದು ಸಿದ್ದಯ್ಯನ ಪಕ್ಕ ಕೂತ. ಸಿದ್ದಯ್ಯ ಎರಡು ವರ್ಷ ಬಾಯಲ್ಲಿಟ್ಟುಕೊಂಡಿದ್ದನ್ನು ಒಂದೊಂದಾಗಿ ಬರೆಸಿದ. ಬೀಗದ ಕೈ ಓವರ್‌ಸೀರರ ಮನೆಯಲ್ಲಿ, ಅವರ ವಶದಲ್ಲೇ ಇರತಕ್ಕದ್ದು. ನೀರುಗಂಟಿ ಬೆಳಿಗ್ಗೆ ಸಂಜೆ ಅಲ್ಲಿಂದ ತಂದು, ನೀರು ಬಿಟ್ಟು, ಹಿಂತಿರುಗಿಸತಕ್ಕದ್ದು. ಮಿಕ್ಕ ವೇಳೆಯಲ್ಲಿ, ಬೆಂಕಿ ಬಿದ್ದಾಗಲೂ ಸಹ, ಓವರ್‌ಸೀರರ ಲಿಖಿತ ಅಪ್ಪಣೆಯಿಲ್ಲದೆ ವಾಲ್ವು ತೆರೆಯಕೂಡದು, ಬೀಗ ಒಡೆಯಕೂಡದು. ವರ್ಷಕ್ಕೊಮ್ಮೆ ಯುಗಾದಿಗೆ ಮುಂಚೆ ತೊಟ್ಟಿಗೆ ಸುಣ್ಣ ಬಳಿಯುವುದು ನೀರುಗಂಟಿಯ ಕೆಲಸ, ಬೇರೆ ಯಾರದ್ದೂ ಅಲ್ಲ.

ಗೋವಿಂದಯ್ಯನ ಲೇಖನಿ ನಿಂತಿತು. “ಇದ್ನ ಒಪ್ತಾನೇನಯ್ಯಾ ಅವ್ನು?”

“ಓವರ್‌ಸೀರರ ಅಪ್ಪಣೆ, ಓವರ್‌ಸೀರರ ಅಪ್ಪಣೆ ಅಂತ ಗೆರೆಗೊಂದು ಬರೀರಿ ಸಾ. ಇನ್ನೇನೂ ಅವರ ಕಣ್ಗೆ ಬೀಳಾಕಿಲ್ಲ.”

ಬೀಳಲಿಲ್ಲ! ಸದಾಶಿವಪ್ಪ ಪಟ್ಟಿ ಓದಿ ಮೀಸೆ ತೀಡಿಕೊಂಡ. ಎಲ್ಲ ಅಪ್ಪಣೆಯೂ ತನ್ನದೇ, ಊರಿನ ನೀರೆಲ್ಲ ತನ್ನ ಮನೆಯ ಗೂಟದಲ್ಲಿ. ಕೊಬ್ಬಿದ ಸೈನು ಹಾಕಿದ. ಒಡೆದದ್ದರ ಬದಲಿಗೆ ಹಾಕಿದ್ದ ಬೀಗವೂ ಸಿದ್ದಯ್ಯನ ಸೊಂಟದಿಂದ ಮೈಲಿಗೆಯಾಯಿತೆಂದು ಹಿತ್ತಾಳೆಯ ದಪ್ಪ ಬೀಗ ತಾನೇ ಆರಿಸಿ ತರಿಸಿ, ಅದರ ಕೈಯನ್ನು ನಡುಮನೆಯಲ್ಲಿ ನೇತುಹಾಕಿದ; ಸಿದ್ದಯ್ಯ ಹಿಂತಿರುಗಿಸಿದಾಗಲೆಲ್ಲ ಅದಕ್ಕೆ ನೀರು ಚಿಮುಕಿಸಿ ಒಳಗಿಡುತ್ತಿದ್ದರು.

ಆಮೇಲೆ ಸಿದ್ದಯ್ಯ ಕಾದ. ಎಲ್ಲಾದರೂ ಬೆಂಕಿ ಬೀಳಬೇಕು, ಆಗ ಊರ ಮುಂದೆ ಈ ಮನುಷ್ಯ ಸಿಕ್ಕಿಬೀಳಬೇಕು. ಬೆಳಿಗ್ಗೆ ಎದ್ದು ಹೊಗೆ ಎಲ್ಲಿ ಎಂದು ಹುಡುಕುತ್ತಿದ್ದ. ಹಾಗೆ ಹುಡುಕಿದ್ದಕ್ಕೆ ತನ್ನ ಮೇಲೇ ಹೇಸಿಗೆ ಪಡುತ್ತಿದ್ದ. ಊರು ಉರಿಯಲಿ ಎಂದು ಬಯಸುವ ನೀರುಗಂಟಿ ಉಂಟೇ? ಒಂದು ಬೇಸಗೆ ಏನೂ ಆಗದೆ ಕಳೆಯಿತು. ಅವನಿಗೆ ಸಮಾಧಾನವೂ ಆಯಿತು, ಹೊಟ್ಟೆಯೂ ಉರಿಯಿತು.

ಐವತ್ತೆರಡರ ಫಾಲ್ಗುಣದಲ್ಲಿ ಬಿತ್ತು. ಯಾರ ಮನೆಗೆ ಅಂತೀರಿ, ಸದಾಶಿವಪ್ಪನ ಮನೆಗೇ! ಅಡಿಗೆಯವಳು ಒಲೆಯ ಬೂದಿಯನ್ನು ಕೆಂಡ ಆರುವ ಮುಂಚೆ ಹಿತ್ತಿಲ ಹುಲ್ಲುಮೆದೆಯ ಪಕ್ಕ ಸುರಿದು ಹೋಗಿದ್ದಳು. ಸಿದ್ದಯ್ಯನೇ ಇಟ್ಟ ಎಂದು ಆಮೇಲೆ ಗುಸುಗುಸು ಎಂದವರುಂಟು. ಅಂಥವರ ಬಾಯಿಗೆ ಮಣ್ಣು ಬೀಳ. ಆಗ ಅವನು ತೊಟ್ಟಿಯ ಮುಂದೆ ಮೂರು ಕಲ್ಲು ಹೂಡಿ ಮುದ್ದೆಗೆ ಎಸರಿಟ್ಟಿದ್ದ, ಕಂಡವರು ಹತ್ತು ಜನ ಇದ್ದಾರೆ.

ಹನುಮಯ್ಯ ಓಡಿ ಬಂದ. “ಸಿದ್ದಯ್ಯ, ಓವರ್‌ಸೀರ್ ಮನೆ! ನೀರು ಬುಡು!”

“ಒಳಗ ಯಾರಾದ್ರೂ ಅವ್ರಾ?” ಮೊದಲು ಕೇಳಿದ್ದು ಅದನ್ನೇ.

“ಯಾರೂ ಇಲ್ಲ. ಅವರವ್ವನ್ನೂ ಈಚ್ಗ ತಂದ್ವಿ, ಎಮ್ಮೆಗಳ್ನೂ ಬಿಚ್ಚಿದ್ವಿ.”

“ಬೀಗದ ಕೈ?”

“ನಡುಮನೇಲದೆ. ಅಲ್ಲಿಗೆ ಓಗಕ್ಕಾಯ್ತದಾ? ಬಾಗ್ಲೇ ಅತ್ಕಂಡು ಉರೀತಾ ಅದೆ!”

ಸಿದ್ದಯ್ಯ ಮುಚ್ಚಳದ ಮೇಲೆ ಕೂತ. ಆ ಮನೆ ಅಕ್ಕಪಕ್ಕ ಯಾರೂ ಇಲ್ಲದ ಒಂಟಿ ಮನೆ. ಬೇರೆ ಯಾರಿಗೂ ತಗಲುವ ಹಾಗಿರಲಿಲ್ಲ.

ಅಷ್ಟರಲ್ಲಿ ಸದಾಶಿವಪ್ಪ ಬಂದ, ಹಿಂದೆ ಹಾರೆ ಹಿಡಿದ ಜನ. ಮೇಲುಹೊದಿಕೆಯಿಲ್ಲ, ಕಾಲಲ್ಲಿ ಮೆಟ್ಟಿಲ್ಲ. “ಒಡೀರ್ಲಾ! ಬೀಗ ಒಡೀರ್ಲಾ!”

ಸಿದ್ದಯ್ಯ ಎದ್ದು ನಿಂತ. ನಾಲ್ಕು ವರ್ಷದಿಂದ ನಾಲಿಗೆಯ ತುದಿಯಲ್ಲಿದ್ದ ಮಾತು. “ಸರ್ಕಾರಿ ಬೀಗ ಕಣ್ರಯ್ಯ. ಒಡದೋರ ಮ್ಯಾಲೆ ಕೇಸಾಯ್ತದ.”

ಜನಕ್ಕೆ ನೆನಪಾಯಿತು. ಒಬ್ಬೊಬ್ಬನೇ ಹಾರೆ ಕೆಳಗಿಟ್ಟ. ಸದಾಶಿವಪ್ಪ ತಾನೇ ಒಂದನ್ನು ಕಸಿದುಕೊಂಡು ಬೀಗಕ್ಕೆ ಎರಡು ಏಟು ಹಾಕಿದ. ಜನ್ಮದಲ್ಲಿ ಹಾರೆ ಹಿಡಿಯದ ಕೈ. ಎರಡನೆಯ ಏಟಿಗೆ ಹಾರೆ ಜಾರಿ ಹೆಬ್ಬೆರಳು ಜಜ್ಜಿತು. ಬೀಗ ಮಿಸುಕಲಿಲ್ಲ, ಗಟ್ಟಿ ಬೀಗವನ್ನೇ ಆರಿಸಿ ತಂದಿದ್ದ.

“ನಾನೇ ಹೇಳ್ತಾ ಇದೀನಲ್ಲೋ, ಒಡಿಯೋ!”

“ಬಾಯಿ ಮಾತು ನಡಿಯಾಕಿಲ್ಲ ಸಾ. ಪಟ್ಟೀಲಿ ನೀವೇ ಸೈನ್ ಆಕಿದ್ದೀರಿ. ಬರ್ದು ಕೊಡಿ.”

“ಕಾಗ್ದ ಎಲ್ಲಿಂದ ತರ್ಲಿ?”

ಸಿದ್ದಯ್ಯ ಬಗ್ಗಿ, ಒಲೆಯ ಪಕ್ಕ ಆರಿ ಬಿದ್ದಿದ್ದ ಇದ್ದಿಲ ತುಂಡು ತೆಗೆದು ಅವನ ಕೈಗಿಟ್ಟ. ಆ ವರ್ಷದ ಸುಣ್ಣ ಬಳಿದು ಎಂಟು ದಿನವೂ ಆಗಿರಲಿಲ್ಲ, ಗೋಡೆ ಹಾಲಿನ ಹಾಗಿತ್ತು. ಸದಾಶಿವಪ್ಪ ಬರೆದ: ಬೀಗ ಒಡೆಯಲು ಅಪ್ಪಣೆ ಕೊಟ್ಟಿದ್ದೇನೆ.

“ಇನ್ನೊಂದು ಅದೆ,” ಎಂದ ಸಿದ್ದಯ್ಯ. “ನಿಂಗಿ ಸತ್ತ ದಿನ ನನ್ನ ಯಳಂದೂರಿಗೆ ಕಳ್ಸಿದೋರು ಯಾರು? ಬೀಗದ ಕೈ ಕೊಡಕ್ಕೆ ಬಂದ್ರೆ ಮುಟ್ಟಾಕಿಲ್ಲ ಅಂದೋರು ಯಾರು? ಅದ್ನೂ ಬರೀರಿ.”

ಸದಾಶಿವಪ್ಪ ಜನರ ಮುಖ ನೋಡಿದ. ಎಲ್ಲರೂ ಗೋಡೆಯನ್ನೇ ನೋಡುತ್ತಿದ್ದರು. ಮನೆಯ ಕಡೆಯಿಂದ ತೊಲೆ ಮುರಿದ ಸದ್ದು ಕೇಳಿತು, ಹಂಚು ದಡದಡ ಉದುರಿತು. ಅವನು ಗೋಡೆಗೆ ತಿರುಗಿದ. ಚಿಕ್ಕನಿಂಗಮ್ಮ ಸತ್ತ ದಿನ ಚಿಕ್ಕಸಿದ್ದಯ್ಯನನ್ನು ಯಳಂದೂರಿಗೆ ಕಳಿಸಿದವನು ನಾನೇ. ಬೀಗದ ಕೈ ಬೇಡವೆಂದವನೂ ನಾನೇ. ಕೆಳಗೆ ಸೈನು.

ಸಿದ್ದಯ್ಯ ಗಟ್ಟಿಯಾಗಿ ಒಂದು ಸಲ ಓದಿದ. ಆಮೇಲೆ ಹಾರೆ ಎತ್ತಿ ಬೀಗವನ್ನು ಬಿಟ್ಟು ಮುಚ್ಚಳದ ಹಿಂದಿನ ಕೀಲಿನ ಮೇಲೆ ಒಂದೇ ಏಟು ಕೊಟ್ಟ. ಮುಚ್ಚಳ ಎದ್ದು ಬಂತು. ಆ ಕೀಲು ಸಡಿಲವಿದೆ ಎಂದು ಅವನಿಗೆ ಹತ್ತು ವರ್ಷದಿಂದ ಗೊತ್ತಿತ್ತು. ವಾಲ್ವು ತಿರುಗಿಸಿ, ನೀರು ಹೋಗುವ ಸದ್ದು ಕೇಳಿ, ಅಲ್ಲೇ ಕುಕ್ಕರಿಸಿ ಗೊಳೋ ಎಂದು ಅತ್ತುಬಿಟ್ಟ. ಹನುಮಯ್ಯನ ಆಳುಗಳು ಅರ್ಧ ಮನೆ ಉಳಿಸಿದರು.

ಮರುದಿನ ಬೆಳಿಗ್ಗೆ ಸಿದ್ದಯ್ಯ ಕೊಳವೆ ಬೆಸುಗೆಗೆ ಇಟ್ಟಿದ್ದ ಟಾರು ಕಾಯಿಸಿ, ಇದ್ದಿಲ ಅಕ್ಷರದ ಮೇಲೆ ಕಡ್ಡಿಯಲ್ಲಿ ಒಂದೊಂದೇ ತಿದ್ದಿದ. ಸದಾಶಿವಪ್ಪನ ಕೈಬರಹ ಒಂದು ಕೊಂಬೂ ಆಚೀಚೆಯಾಗದ ಹಾಗೆ ನಿಂತಿತು. ಹನುಮಯ್ಯ ರಾಮಾಪುರಕ್ಕೆ ಹೋಗಿ ದೊಡ್ಡಮಾದಮ್ಮನನ್ನು ಬಸ್ಸಿನಲ್ಲಿ ಕರೆತಂದ. ಓದು ಬಾರದ ಮುದುಕಿ. ಗೋವಿಂದಯ್ಯ ಓದಿ ಹೇಳಿದ. ಅವಳು ಅಕ್ಷರಗಳ ಮೇಲೆ ಕೈಯಾಡಿಸಿ, ಮಗಳ ಹೆಸರು ಯಾವುದು ಎಂದು ಕೇಳಿ ತೋರಿಸಿಕೊಂಡಳು. ಆಮೇಲೆ ಅಳಿಯನ ಮುಖವನ್ನು ಸೆರಗಿನಿಂದ ಒರೆಸಿದಳು, ನಾಲ್ಕು ವರ್ಷದ ಬೂದಿ ಇನ್ನೂ ಅಲ್ಲೇ ಇದೆಯೇನೋ ಎನ್ನುವಂತೆ. “ನಡಿ ಮಗ, ಉಣ್ಣಾನ,” ಅಂದಳು.

ಸದಾಶಿವಪ್ಪನ ದಾರಿ ದಿನವೂ ಅದರ ಮುಂದೆಯೇ. ಮೊದಲು ಮೋರಿ ಮೇಸ್ತ್ರಿಗೆ ಹೇಳಿ ಅಳಿಸಲು ನೋಡಿದ. “ನನ್ ಪಟ್ಟೀಲಿಲ್ಲ ಸಾ,” ಎಂದ ಮೇಸ್ತ್ರಿ. ದೀಪದ ಆಳೂ ಹಾಗೇ ಅಂದ. ಆ ಮಾತಿನ ರುಚಿ ಸಿಕ್ಕ ಮೇಲೆ ಅವನ ತೋಟಕ್ಕೆ ಗೊಬ್ಬರ ಹೊರುವವರೂ ಇಲ್ಲವಾದರು. ಮುಂದಿನ ವರ್ಷದ ಯುಗಾದಿ ಬಂತು. ಸಿದ್ದಯ್ಯ ತೊಟ್ಟಿಗೆಲ್ಲ ಸುಣ್ಣ ಬಳಿದು, ಆ ಬರಹದ ಮೂರು ಮೊಳ ಮಾತ್ರ ಬಿಟ್ಟ. ಸದಾಶಿವಪ್ಪ ಸುತ್ತ ಯಾರೂ ಇಲ್ಲದ್ದು ನೋಡಿಕೊಂಡು ಹತ್ತಿರ ಬಂದ.

“ಸಿದ್ದಯ್ಯ, ಅದರ ಮೇಲೂ ಒಂದು ಕೈ ಎಳೆದುಬಿಡಪ್ಪ.”

ಸಿದ್ದಯ್ಯ ಕುಂಚವನ್ನು ಮಡಕೆಯೊಳಗೆ ಇಳಿಬಿಟ್ಟ. “ಅದ್ಕೇನು ಸಾ, ಎಳಿಯಾನ. ಯಾವ ಬರಾವು ಅಳುಸ್ಬೇಕು, ಅದ್ರಾಗೇನು ಬರ್ದದ, ಎಲ್ಲಾನೂ ಒಂದು ಕಾಗ್ದದಲ್ಲಿ ಬರ್ದು ಸೈನ್ ಆಕ್ಕೊಡಿ.”